ಕೆರೆಯಂಚಿನ ಹಕ್ಕಿಗಳು: ಬಂದು ಹೋಗುವವು ಯಾವುವು, ಇಲ್ಲೇ ಉಳಿಯುವವು ಯಾವುವು? ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು, ಮಂಡ್ಯ ಸೀಮೆಯ ಕೆರೆ, ನಾಲೆ, ಗದ್ದೆಬಯಲು ಮತ್ತು ಕೆಆರ್‌ಎಸ್ ಹಿನ್ನೀರಿನಲ್ಲಿ ಹಕ್ಕಿ ನೋಡಲು ಹೊರಟವರು ಮೇಲಿಂದ ಮೇಲೆ ಕೇಳುವ ಪ್ರಶ್ನೆಗಳಿವು. ಕೆರೆಯಂಚಿನ ಹಕ್ಕಿ ಎಂದರೆ ಇಲ್ಲಿ ಕೆಸರು, ಮರಳು, ತೆಳುನೀರಿನಲ್ಲಿ ನಡೆದಾಡಿ ಮೇಯುವ ಗದ್ದೆಗೊರವ (ಸ್ಯಾಂಡ್‌ಪೈಪರ್), ಟಿಟ್ಟಿಭ (ಲ್ಯಾಪ್‌ವಿಂಗ್), ಉಲ್ಲಂಕಿ (ಸ್ನೈಪ್), ಮೆಟ್ಟುಗಾಲು ಹಕ್ಕಿ (ಸ್ಟಿಲ್ಟ್), ದೇವನಕ್ಕಿ (ಜಕಾನಾ), ಕಲ್ಲುಗೊರವಗಳ (ಥಿಕ್‌ನೀ) ಬಳಗ. ಬಾತು, ಕೊಕ್ಕರೆ, ಹೆಜ್ಜಾರ್ಲೆಗಳು ಈ ಬಳಗದವಲ್ಲ. ಅವುಗಳ ಮಾತು ಬಂದಲ್ಲಿ ಮಾತ್ರ ಹೇಳಿದ್ದೇವೆ. ಕನ್ನಡದ ಹೆಸರು ಊರಿಂದೂರಿಗೆ ಬದಲಾಗುವುದರಿಂದ, ಗೊಂದಲವಾಗುವ ಕಡೆ ಹಕ್ಕಿ ನೋಡುವವರ ಬಾಯಲ್ಲಿ ಓಡಾಡುವ ಇಂಗ್ಲಿಷ್ ಹೆಸರನ್ನೇ ಬಳಸಿದ್ದೇವೆ.

ಚಳಿ ತಡೆಯಲಾರದೆ ತಾನೇ ಇವು ಇಲ್ಲಿಗೆ ಬರುವುದು?

ಅಲ್ಲ. ಎಲ್ಲರೂ ಹೀಗೇ ನಂಬಿರುವುದರಿಂದ ಇದನ್ನು ಮೊದಲು ಬಿಡಿಸಬೇಕು. ಗುಬ್ಬಚ್ಚಿಯಷ್ಟೇ ಇರುವ ಲಿಟಲ್ ಸ್ಟಿಂಟ್ ತೂಗುವುದು 20ರಿಂದ 40 ಗ್ರಾಂ. ಅದು ಮರಿ ಮಾಡುವುದು ಉತ್ತರ ಧ್ರುವದ ಅಂಚಿನ ಟಂಡ್ರಾ ಬಯಲಿನಲ್ಲಿ. ಜೂನ್‌ನಲ್ಲೂ ಅಲ್ಲಿ ಹಿಮ ಬೀಳುತ್ತದೆ, ಹಕ್ಕಿ ಗರಿ ಉಬ್ಬಿಸಿಕೊಂಡು ಕಾವಿಗೆ ಕೂತೇ ಇರುತ್ತದೆ. ಹೊಟ್ಟೆಗೆ ಸಿಗುತ್ತಿದ್ದರೆ ಚಳಿ ದೊಡ್ಡ ತೊಂದರೆಯಲ್ಲ.

ತೊಂದರೆ ಇರುವುದು ನೆಲದಲ್ಲಿ. ಈ ಬಳಗದ ಬಹುಪಾಲು ಹಕ್ಕಿಗಳು ಊಟ ಹುಡುಕುವುದು ಒದ್ದೆ ಮಣ್ಣಿಗೆ ಕೊಕ್ಕು ಇಳಿಸಿ. ಉಲ್ಲಂಕಿಯ ಆರೇಳು ಸೆಂ.ಮೀ. ಕೊಕ್ಕಿನ ತುದಿಯಲ್ಲಿ ನರಗಳ ಸಣ್ಣ ಸಣ್ಣ ಗುಳಿಗಳಿವೆ. ಕೆಸರಿನೊಳಗೆ ಹುಳು ಮಿಸುಕಾಡಿದ್ದು ಕಣ್ಣಿಗೆ ಕಾಣದಿದ್ದರೂ ಕೊಕ್ಕಿಗೆ ತಿಳಿಯುತ್ತದೆ. ಬುಡ ಮುಚ್ಚಿದ್ದಂತೆಯೇ ಕೊಕ್ಕಿನ ತುದಿಯನ್ನಷ್ಟೇ ತೆರೆದು ಅದನ್ನು ಹಿಡಿಯುತ್ತದೆ. ಇಷ್ಟು ನಾಜೂಕಾದ ಉಪಕರಣ ಹೆಪ್ಪುಗಟ್ಟಿದ ನೆಲದ ಮುಂದೆ ಗಾರೆಗೆ ಚುಚ್ಚಿದ ಸೂಜಿ. ಮೈ ಚಿಕ್ಕದಾದಷ್ಟೂ ಕಾವು ಬೇಗ ಸೋರಿಹೋಗುತ್ತದೆ, ದಿನವಿಡೀ ತಿನ್ನುತ್ತಲೇ ಇರಬೇಕು. ನೆಲ ಗಟ್ಟಿಯಾಗಿ ಕೆಲವು ದಿನ ಊಟ ತಪ್ಪಿದರೆ ಹಕ್ಕಿ ಉಳಿಯುವುದಿಲ್ಲ. ಆದ್ದರಿಂದ ಯಾವ ಹಕ್ಕಿ ಹೋಗುತ್ತದೆ, ಯಾವುದು ಉಳಿಯುತ್ತದೆ ಎಂದು ತಿಳಿಯಲು ಅದರ ಊಟದ ನೆಲ ವರ್ಷವಿಡೀ ತೆರೆದಿರುತ್ತದೆಯೇ ಎಂದು ಕೇಳಿಕೊಳ್ಳಿ. ಥರ್ಮಾಮೀಟರ್ ನೋಡಿ ಪ್ರಯೋಜನವಿಲ್ಲ.

ಹಾಗಾದರೆ ಉತ್ತರದ ಚಳಿಯಲ್ಲೇ ಉಳಿಯುವ ಹಕ್ಕಿಗಳೂ ಇರಬೇಕಲ್ಲ?

ಇವೆ. ಪರ್ಪಲ್ ಸ್ಯಾಂಡ್‌ಪೈಪರ್ ಐಸ್‌ಲ್ಯಾಂಡ್, ನಾರ್ವೆಯ ಬಂಡೆ ಕರಾವಳಿಯಲ್ಲೇ ಚಳಿಗಾಲ ಕಳೆಯುತ್ತದೆ. ರಾಕ್ ಸ್ಯಾಂಡ್‌ಪೈಪರ್ ಅಲಾಸ್ಕದಲ್ಲಿ ಹಾಗೇ ಮಾಡುತ್ತದೆ. ದಿನಕ್ಕೆರಡು ಸಲ ಉಕ್ಕಿ ಇಳಿಯುವ ಉಪ್ಪುನೀರು ಅಲ್ಲಿಯ ಬಂಡೆಗಳನ್ನು ಹೆಪ್ಪುಗಟ್ಟಲು ಬಿಡುವುದಿಲ್ಲ. ಕಲ್ಲಿಗಂಟಿದ ಚಿಪ್ಪುಹುಳು, ಬಸವನಹುಳು ಅಲುಗಾಡದೆ ಸಿಗುತ್ತವೆ. ನೂರಾರು ಕಿ.ಮೀ. ಒಳನಾಡಿನ ಜೌಗಿನಲ್ಲಿ ಮೇಯುವ ಗದ್ದೆಗೊರವಕ್ಕೆ ಆ ಸವಲತ್ತಿಲ್ಲ, ಅದು ಹೊರಡಲೇಬೇಕು. ನಮ್ಮ ಹಿಮಾಲಯದ ಐಬಿಸ್‌ಬಿಲ್ ಕೂಡ ಇಂಥದ್ದೇ. ಉರುಟು ಕಲ್ಲಿನ ನಡುವೆ ರಭಸದಿಂದ ಹರಿಯುವ ನೀರು ಹೆಪ್ಪುಗಟ್ಟುವುದು ಕಷ್ಟ, ಹಾಗಾಗಿ ಆ ಹಕ್ಕಿ ಅದೇ ಹೊಳೆಗುಂಟ ಸ್ವಲ್ಪ ಕೆಳಗಿಳಿದು ಸುಮ್ಮನಾಗುತ್ತದೆ.

ಇನ್ನೂ ಸೋಜಿಗದ್ದು ಕಪ್ಪೆನೆಗೆತದ ವಲಸೆ. ಕಾಮನ್ ರಿಂಗ್ಡ್ ಪ್ಲವರ್ ಹಕ್ಕಿಯಲ್ಲಿ ಬ್ರಿಟನ್ನಿನಲ್ಲಿ ಮರಿ ಮಾಡುವವು ಹೆಚ್ಚು ದೂರ ಹೋಗುವುದಿಲ್ಲ. ಅವಕ್ಕಿಂತ ಉತ್ತರದಲ್ಲಿ, ಧ್ರುವದ ಅಂಚಿನಲ್ಲಿ ಮರಿ ಮಾಡುವವು ಇವುಗಳ ತಲೆಯ ಮೇಲಿಂದ ಹಾದು ಆಫ್ರಿಕಕ್ಕೆ ಹೋಗುತ್ತವೆ. ಹತ್ತಿರದ ಜಾಗವನ್ನು ಮೊದಲೇ ಹಿಡಿದವರು ಇರುವಾಗ ತಡವಾಗಿ ಬಂದವರು ಮುಂದಕ್ಕೆ ಹೋಗಬೇಕು ಎನ್ನುವುದು ಇದಕ್ಕೆ ಹೇಳುವ ಒಂದು ಕಾರಣ. ನಮ್ಮ ಬಸ್ಸಿನ ಸೀಟಿನ ನ್ಯಾಯವೇ.

ಇಲ್ಲಿ ಊಟ ಇಷ್ಟು ಚೆನ್ನಾಗಿರುವಾಗ ವಾಪಸ್ ಯಾಕೆ ಹೋಗುತ್ತವೆ? ಇಲ್ಲೇ ಮರಿ ಮಾಡಬಾರದೇ?

ಈ ಪುಟದಲ್ಲಿ ನಮಗೆ ಇಷ್ಟವಾದ ಪ್ರಶ್ನೆ ಇದೇ. ‘ಏಕೆ ಬರುತ್ತವೆ’ ಎಂದು ಎಲ್ಲರೂ ಕೇಳುತ್ತಾರೆ, ‘ಏಕೆ ಹಿಂದಿರುಗುತ್ತವೆ’ ಎಂದು ಕೇಳುವವರು ಕಡಿಮೆ.

ಮೊದಲನೆಯದು, ಈ ಊಟ ವರ್ಷವಿಡೀ ಇರುವುದಿಲ್ಲ. ನವೆಂಬರ್‌ನಿಂದ ಮಾರ್ಚ್‌ವರೆಗೆ ಕೆರೆಗಳು ಅಂಚಿನಿಂದ ಇಳಿಯುತ್ತಾ ಪ್ರತಿ ವಾರ ಹೊಸ ಕೆಸರು ತೆರೆಯುತ್ತವೆ. ಏಪ್ರಿಲ್ ಹೊತ್ತಿಗೆ ಅದೇ ಕೆಸರು ಒಣಗಿ ಬಿರುಕುಬಿಟ್ಟಿರುತ್ತದೆ. ಮುಂಗಾರು ಬಂದು ಕೆರೆ ತುಂಬಿದರೆ ಅಂಚು ನೀರೊಳಗೆ ಹೋಗುತ್ತದೆ. ಮರಿಗೆ ಊಟ ಬೇಕಾದ ಮೇ, ಜೂನ್‌ನಲ್ಲಿಯೇ ಇಲ್ಲಿ ಒಂದೋ ಬಿರುಕು ನೆಲ, ಇಲ್ಲವೇ ಆಳ ನೀರು.

ಎರಡನೆಯದು ಬೆಳಕು. ಮೈಸೂರಿನಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ. ಟಂಡ್ರಾದಲ್ಲಿ ಜೂನ್, ಜುಲೈನಲ್ಲಿ ಸೂರ್ಯ ಮುಳುಗುವುದೇ ಇಲ್ಲ. ಈ ಬಳಗದ ಬಹುತೇಕ ಮರಿಗಳಿಗೆ ತಾಯಿ ಗುಟುಕು ಕೊಡುವುದಿಲ್ಲ; ಮೊಟ್ಟೆಯಿಂದ ಬಂದು ಮೈ ಒಣಗಿದ ಕೂಡಲೇ ತಾವೇ ಓಡಾಡಿ ಹುಳ ಹೆಕ್ಕುತ್ತವೆ. ಇಪ್ಪತ್ನಾಲ್ಕು ಗಂಟೆ ಬೆಳಕು, ಹಿಮ ಕರಗಿದ ನೆಲದಿಂದ ಒಟ್ಟಿಗೆ ಏಳುವ ಕೋಟ್ಯಂತರ ಸೊಳ್ಳೆ, ನೊಣ. ತಾನೇ ಮೇಯುವ ಮರಿಗೆ ಇದಕ್ಕಿಂತ ಇನ್ನೇನು ಬೇಕು?

ಮೂರನೆಯದು ಕಳ್ಳರು. ಇಲ್ಲಿ ನೆಲದ ಮೇಲೆ ಮೊಟ್ಟೆ ಇಟ್ಟರೆ ಕಾಗೆ, ಮುಂಗುಸಿ, ಉಡ, ಹಾವು, ಬೀದಿನಾಯಿ ಎಲ್ಲವೂ ಗಿರಾಕಿಗಳೇ. 2010ರಲ್ಲಿ ಪ್ರಕಟವಾದ ಕೆನಡಾದ ಒಂದು ಅಧ್ಯಯನದಲ್ಲಿ ದಕ್ಷಿಣದಿಂದ ಉತ್ತರದವರೆಗೆ ಹುಸಿಗೂಡುಗಳಲ್ಲಿ ಮೊಟ್ಟೆ ಇಟ್ಟು ನೋಡಿದ್ದರು. ಉತ್ತರಕ್ಕೆ ಹೋದಷ್ಟೂ ಕಳ್ಳತನ ಕಡಿಮೆಯಾಗುತ್ತಾ ಹೋಯಿತು.

ಇದರ ಜೊತೆಗೆ ಬೆಲೆಯೂ ಇದೆ. ಟಂಡ್ರಾದ ಬೇಸಿಗೆ ಎರಡು ತಿಂಗಳ ಆಟ. ಗೂಡು ಕೆಟ್ಟರೆ ಮತ್ತೆ ಮೊಟ್ಟೆ ಇಡಲು ಹೊತ್ತು ಸಾಲುವುದಿಲ್ಲ.

ಟಿಟ್ಟಿಭ ಯಾಕೆ ಎಲ್ಲಿಗೂ ಹೋಗುವುದಿಲ್ಲ?

ಕೆಂಪು ಟಿಟ್ಟಿಭಕ್ಕೆ (ಹಳ್ಳಿಗಳಲ್ಲಿ ತೇನೆಹಕ್ಕಿ) ಕೆಸರೇ ಬೇಕೆಂಬ ಹಟವಿಲ್ಲ. ಗಿಡ್ಡ ಕೊಕ್ಕು, ದೊಡ್ಡ ಕಣ್ಣು. ಓಡು, ನಿಲ್ಲು, ನೋಡು, ಹೆಕ್ಕು: ಇಷ್ಟೇ ಅದರ ಮೇವಿನ ಕ್ರಮ. ಜೀರುಂಡೆ, ಇರುವೆ, ಗೆದ್ದಲು, ಮಿಡತೆ ಸಿಗುವ ಬೀಳು ಹೊಲ, ಆಟದ ಮೈದಾನ, ಖಾಲಿ ಸೈಟು ಯಾವುದಾದರೂ ನಡೆದೀತು. ರಾತ್ರಿಯೂ ಮೇಯುತ್ತದೆ. ಹಾಗಾಗಿ ಕೆರೆ ಒಣಗಿದರೂ ಅದಕ್ಕೆ ಗಂಟುಮೂಟೆ ಕಟ್ಟುವ ಅಗತ್ಯ ಬೀಳುವುದಿಲ್ಲ.

ಉಳಿದುದಕ್ಕೆ ಅದು ತೆರುವ ದಂಡ ಬಿಸಿಲು. ಮಾರ್ಚ್‌ನಿಂದ ಮಳೆಗಾಲದವರೆಗೆ, ಗೂಡೆಂಬ ಗೂಡೂ ಇಲ್ಲದೆ, ಬೆಣಚುಕಲ್ಲಿನ ನಡುವೆ ಸಣ್ಣ ತಗ್ಗು ಮಾಡಿ ಸಾಮಾನ್ಯವಾಗಿ ನಾಲ್ಕು ಮೊಟ್ಟೆ ಇಡುತ್ತದೆ. ಚೂಪು ತುದಿಗಳು ಒಳಮುಖವಾಗಿ, ನಾಲ್ಕೆಸಳಿನ ಹೂವಿನ ಹಾಗೆ ಜೋಡಿಸಿರುತ್ತದೆ. ನಾಲ್ಕೂ ಒಂದೇ ಹೊಟ್ಟೆಯಡಿ ಹಿಡಿಸಬೇಕಲ್ಲ. ಏಪ್ರಿಲ್ ಮಧ್ಯಾಹ್ನ ಅದನ್ನು ದೂರದಿಂದ ಅರ್ಧ ಗಂಟೆ ನೋಡಿ. ಹಕ್ಕಿ ಮೊಟ್ಟೆಗೆ ಕಾವು ಕೊಡುತ್ತಿರುವುದಿಲ್ಲ, ಕಾಲು ಅರ್ಧ ಮಡಿಸಿ ನೆರಳು ಕೊಡುತ್ತಾ ಬಾಯಿ ತೆರೆದು ಏದುಸಿರು ಬಿಡುತ್ತಿರುತ್ತದೆ. ಜೋಡಿಹಕ್ಕಿ ಬಂದು ಪಾಳಿ ಬದಲಾದಾಗ ಇದು ನಾಲೆಯ ಅಂಚಿಗೆ ಓಡಿ ನೀರಿನಲ್ಲಿ ಹೊಟ್ಟೆಯನ್ನು ಎಡಕ್ಕೂ ಬಲಕ್ಕೂ ಅದ್ದಿ ನೆನೆಸಿಕೊಳ್ಳುತ್ತದೆ. ಸೀದಾ ಹಾರಿ ಬರುವುದಿಲ್ಲ. ಹತ್ತಾರು ಹೆಜ್ಜೆ ಆಚೆ ಇಳಿದು, ಸುತ್ತಮುತ್ತ ನೋಡಿ, ಏನೂ ಗೊತ್ತಿಲ್ಲದವರ ಹಾಗೆ ನಡೆದು ಬಂದು ಒದ್ದೆ ಹೊಟ್ಟೆಯನ್ನು ಮೊಟ್ಟೆಗಳ ಮೇಲೆ ಇಡುತ್ತದೆ. ಬಿಸಿಲು ಏರಿದಷ್ಟೂ ಈ ಓಡಾಟ ಹೆಚ್ಚು.

ಮೊಟ್ಟೆ ಹೋದರೂ ಮತ್ತೆ ಇಡುವಷ್ಟು ಉದ್ದದ ಕಾಲ ಇಲ್ಲಿದೆ. ಸ್ಟಿಂಟ್‌ಗೆ ಇರುವುದು ಒಂದೇ ಅವಕಾಶ, ಟಿಟ್ಟಿಭಕ್ಕೆ ಹಲವು. ರಾತ್ರಿ ಅದು ಕಿರುಚಿದರೆ ಅಪಶಕುನವೆಂದು ಹೆದರುವವರಿದ್ದಾರೆ. ಬಹುಮಟ್ಟಿಗೆ ಗೂಡಿನ ಹತ್ತಿರ ನಾಯಿ ಸುಳಿದಿರುತ್ತದೆ, ಅಷ್ಟೇ.

ಇಲ್ಲೇ ಉಳಿಯುವ ಬೇರೆ ಹಕ್ಕಿಗಳು?

ಹಳದಿ ಟಿಟ್ಟಿಭ (ಒಣ ಬಯಲಿನದು), ಕಂಚು ರೆಕ್ಕೆಯ ದೇವನಕ್ಕಿ, ಪೇಂಟೆಡ್ ಸ್ನೈಪ್, ಕಾವೇರಿಯ ಬಂಡೆಗಳ ಮೇಲಿನ ದೊಡ್ಡ ಕಲ್ಲುಗೊರವ, ಹಿನ್ನೀರಿನ ಮರಳುದಿಬ್ಬದ ಸ್ಮಾಲ್ ಪ್ರಾಟಿನ್‌ಕೋಲ್. ದೇವನಕ್ಕಿ ಮತ್ತು ಪೇಂಟೆಡ್ ಸ್ನೈಪ್‌ನಲ್ಲಿ ಕಾವಿಗೆ ಕೂರುವುದು ಗಂಡು; ಹೆಣ್ಣು ಇನ್ನೊಂದು ಗಂಡಿಗೆ ಮೊಟ್ಟೆ ಇಟ್ಟುಕೊಡಲು ಹೊರಟಿರುತ್ತದೆ.

ಒಂದೇ ಜಾತಿಯಲ್ಲಿ ಕೆಲವು ವಲಸೆ ಹೋಗಿ ಕೆಲವು ಉಳಿಯುವುದುಂಟೇ?

ಉಂಟು, ಅದೂ ನಮ್ಮ ಕಣ್ಣೆದುರೇ. ಡಿಸೆಂಬರ್‌ನಲ್ಲಿ ಕೆರೆಯಂಗಳದಲ್ಲಿ ಓಡಾಡುವ ಲಿಟಲ್ ರಿಂಗ್ಡ್ ಪ್ಲವರ್‌ಗಳ ಗುಂಪಿನಲ್ಲಿ ಎರಡು ಉಪಜಾತಿ ಬೆರೆತಿರಬಹುದು. ‘ಜೆರ್ಡೋನಿ’ ಭಾರತದಲ್ಲೇ ಮರಿ ಮಾಡುವ ನಿವಾಸಿ. ‘ಕ್ಯುರೋನಿಕಸ್’ ಉತ್ತರದಿಂದ ಬಂದ ಅತಿಥಿ. ಜೆರ್ಡೋನಿಯ ಕಣ್ಣಿನ ಸುತ್ತಲಿನ ಹಳದಿ ಉಂಗುರ ದಪ್ಪ, ಎದ್ದು ಕಾಣುವಂಥದ್ದು. ಚಳಿಗಾಲದಲ್ಲಿ ದೂರದಿಂದ ನೋಡಿ ಇವನ್ನು ಬೇರ್ಪಡಿಸಲು ಹೋಗಬೇಡಿ, ತಪ್ಪುತ್ತದೆ. ಆದರೆ ಮೇ ತಿಂಗಳಲ್ಲಿ ಮರಳಿನ ಮೇಲೆ ಒಂದು ಜೋಡಿ ನಿಮ್ಮನ್ನು ಕಂಡು ರೆಕ್ಕೆ ಮುರಿದಂತೆ ನಟಿಸಿದರೆ, ಅದು ಇಲ್ಲಿಯದೇ. ಕೂಡಲೇ ಹಿಂದೆ ಸರಿಯಿರಿ, ಮೊಟ್ಟೆಯೋ ಮರಿಯೋ ನಿಮ್ಮ ಕಾಲಬಳಿ ಇರುತ್ತದೆ.

ಮೆಟ್ಟುಗಾಲು ಹಕ್ಕಿ ನಡುವಿನ ದಾರಿ ಹಿಡಿದಿದೆ. ದೇಶ ಬಿಡುವುದಿಲ್ಲ ಎನ್ನುವಂತಿಲ್ಲ, ಒಂದೇ ಕೆರೆಗೆ ಅಂಟಿಕೊಳ್ಳುವುದೂ ಇಲ್ಲ. ನೀರಿನ ಮಟ್ಟ ನೋಡಿಕೊಂಡು ಕೆರೆಯಿಂದ ಕೆರೆಗೆ ಅಲೆಯುತ್ತದೆ. ಚಳಿಗಾಲದಲ್ಲಿ ಬೇರೆ ಕಡೆಯವೂ ಸೇರಿ ಸಂಖ್ಯೆ ಏರುತ್ತದೆ.

ಜಾತಿಯೊಳಗಿನ ಈ ಭೇದಕ್ಕೆ ವಿಜ್ಞಾನಿಗಳು ಮುಖ್ಯವಾಗಿ ಮೂರು ಕಾರಣ ಹೇಳುತ್ತಾರೆ. ದೊಡ್ಡ ಮೈಯದು ಹಸಿವು, ಚಳಿಯನ್ನು ಹೆಚ್ಚು ದಿನ ತಡೆಯುತ್ತದೆ. ಬಲಿಷ್ಠ ಹಕ್ಕಿ ದುರ್ಬಲವನ್ನು ಒಳ್ಳೆಯ ಜಾಗದಿಂದ ಓಡಿಸುತ್ತದೆ. ವಸಂತದಲ್ಲಿ ಬೇಗ ಹೋಗಿ ಜಾಗ ಹಿಡಿಯಬೇಕಾದದ್ದು ಹತ್ತಿರದಲ್ಲೇ ಚಳಿಗಾಲ ಕಳೆಯುತ್ತದೆ. ರಫ್ ಹಕ್ಕಿಯಲ್ಲಿ ಗಂಡು ಹೆಣ್ಣಿಗಿಂತ ಬಹಳ ದೊಡ್ಡದು. ಚಳಿಗಾಲದಲ್ಲಿ ಗಂಡುಗಳು ಹೆಚ್ಚಾಗಿ ಉತ್ತರದಲ್ಲೇ ನಿಲ್ಲುತ್ತವೆ, ಹೆಣ್ಣುಗಳು ಇನ್ನಷ್ಟು ದಕ್ಷಿಣಕ್ಕೆ ಇಳಿಯುತ್ತವೆ. ಮೂರು ಕಾರಣಗಳಲ್ಲಿ ಯಾವುದನ್ನು ಹಚ್ಚಿದರೂ ಇದಕ್ಕೆ ಹೊಂದುತ್ತದೆ. ಒಂದನ್ನೇ ಹಿಡಿದು ಹಟ ಮಾಡುವುದರಲ್ಲಿ ಅರ್ಥವಿಲ್ಲ.

ಜೂನ್‌ನಲ್ಲೂ ಕೆಲವು ವಲಸೆ ಹಕ್ಕಿಗಳು ಇಲ್ಲೇ ಇವೆ. ಗಾಯವಾಗಿದೆಯೇ? ಹಿಡಿದು ಆಸ್ಪತ್ರೆಗೆ ಕೊಡಬೇಕೇ?

ಬೇಡ. ಗ್ರೀನ್‌ಶ್ಯಾಂಕ್, ಗಾಡ್‌ವಿಟ್‌ನಂಥ ದೊಡ್ಡ ಜಾತಿಗಳ ಒಂದು ವರ್ಷದ ಹಕ್ಕಿಗಳಿಗೆ ಮರಿ ಮಾಡುವ ವಯಸ್ಸೇ ಆಗಿರುವುದಿಲ್ಲ. ಸಾವಿರಾರು ಕಿ.ಮೀ. ಹಾರಿ ಹೋಗಿ ಅಲ್ಲಿ ಮಾಡುವುದೇನು? ಮೊದಲ ಬೇಸಿಗೆಯನ್ನು ಚಳಿಗಾಲದ ನೆಲೆಯಲ್ಲೇ ಕಳೆಯುತ್ತವೆ. ಬಣ್ಣ ಮಂಕಾಗಿ, ಗರಿ ಸವೆದು ಹರಕಲಾಗಿ ಕಂಡರೂ ಮೇಯುತ್ತಾ ಓಡಾಡುತ್ತಿದ್ದರೆ ಆರೋಗ್ಯವಾಗಿಯೇ ಇದೆ. ರೆಕ್ಕೆ ಜೋತುಬಿದ್ದಿದ್ದರೆ ಅಥವಾ ಕಾಲಿಗೆ ಮೀನಿನ ಬಲೆಯ ನೂಲು ಸುತ್ತಿದ್ದರೆ ಮಾತ್ರ ಅರಣ್ಯ ಇಲಾಖೆಗೆ ತಿಳಿಸಿ.

ಮೈಸೂರು, ಮಂಡ್ಯದಲ್ಲಿ ಯಾವಾಗ ಏನು ಕಾಣುತ್ತದೆ?

ಜುಲೈ ಕೊನೆ, ಆಗಸ್ಟ್: ಮಳೆ ಇನ್ನೂ ಬರುತ್ತಿರುವಾಗಲೇ ಗ್ರೀನ್ ಸ್ಯಾಂಡ್‌ಪೈಪರ್, ವುಡ್ ಸ್ಯಾಂಡ್‌ಪೈಪರ್, ಕಾಮನ್ ಸ್ಯಾಂಡ್‌ಪೈಪರ್‌ಗಳ ಮೊದಲ ತಂಡ. ಇವು ಮರಿಗಳಲ್ಲ, ಬೆಳೆದ ಹಕ್ಕಿಗಳು. ಅನೇಕ ಜಾತಿಗಳಲ್ಲಿ ತಂದೆತಾಯಿ ಮರಿಗಳನ್ನು ಅಲ್ಲೇ ಬಿಟ್ಟು ಮೊದಲು ಹೊರಟುಬಿಡುತ್ತವೆ, ಮರಿಗಳು ವಾರಗಳ ನಂತರ ಯಾರ ಕೈಹಿಡಿಯದೆ ತಾವೇ ಬರುತ್ತವೆ.

ಸೆಪ್ಟೆಂಬರ್, ಅಕ್ಟೋಬರ್: ಸ್ಟಿಂಟ್, ಪ್ಲವರ್, ಮಾರ್ಷ್ ಸ್ಯಾಂಡ್‌ಪೈಪರ್, ಉಲ್ಲಂಕಿ. ನಾಟಿಯಾದ ಗದ್ದೆಯಲ್ಲಿ ಪೈರು ಎತ್ತರ ಬೆಳೆದಿರುವುದರಿಂದ ಕಾಣುವುದು ಕಷ್ಟ.

ನವೆಂಬರ್‌ನಿಂದ ಫೆಬ್ರುವರಿ: ಒಳ್ಳೆಯ ಕಾಲ. ಭತ್ತ ಕೊಯ್ದ ಮೇಲೆ ವಿಸಿ (ವಿಶ್ವೇಶ್ವರಯ್ಯ) ನಾಲೆ ಬಯಲಿನ ಗದ್ದೆಗಳಲ್ಲಿ ನೀರು ಉಳಿದಿದ್ದರೆ ಅಲ್ಲಿ ಮೊದಲು ನೋಡಿ. ಕೂಳೆಯ ನಡುವೆ ಉಲ್ಲಂಕಿ ಎರಡು ಮಾರು ದೂರದಲ್ಲಿದ್ದರೂ ಕಾಣುವುದಿಲ್ಲ. ಕಾಲಡಿಯಿಂದ ಎದ್ದು ಅಂಕುಡೊಂಕಾಗಿ ಹಾರಿದ ಮೇಲೇ ಗೊತ್ತಾಗುವುದು.

ಮಾರ್ಚ್, ಏಪ್ರಿಲ್: ಬೂದು ಹಕ್ಕಿಗಳಿಗೆ ಬಣ್ಣ ಬರುವ ಕಾಲ. ಪೆಸಿಫಿಕ್ ಗೋಲ್ಡನ್ ಪ್ಲವರ್‌ನ ಹೊಟ್ಟೆ ಕಪ್ಪಾಗತೊಡಗುತ್ತದೆ. ಹೊರಡುವ ಮುಂಚೆ ಎಲ್ಲವೂ ತಿಂದು ತಿಂದು ಗುಂಡಾಗುತ್ತವೆ. ಕೆಆರ್‌ಎಸ್ ಹಿನ್ನೀರು ಇಳಿದಷ್ಟೂ ದಿಬ್ಬಗಳಲ್ಲಿ ಪ್ರಾಟಿನ್‌ಕೋಲ್, ರೀವ (ಟರ್ನ್) ಹಕ್ಕಿಗಳು ಮೊಟ್ಟೆ ಇಡುತ್ತವೆ. ಆ ದಿಬ್ಬಗಳ ಮೇಲೆ ಕಾಲಿಡಬೇಡಿ, ಗಾಡಿ ಓಡಿಸಬೇಡಿ.

ಮೇ ಮೊದಲ ವಾರ ಕಳೆದರೆ ಉಳಿದವರು ಉಳಿದರು, ಹೋದವರು ಹೋದರು.

ಹೋದ ವರ್ಷ ನಮ್ಮ ಕೆರೆಯಲ್ಲಿ ನೂರಾರು ಇದ್ದವು, ಈ ವರ್ಷ ಒಂದೂ ಇಲ್ಲ. ವಲಸೆ ನಿಂತುಹೋಯಿತೇ?

ಮೊದಲು ನೀರಿನ ಆಳ ನೋಡಿ. ಸ್ಟಿಂಟ್‌ನ ಕಾಲು ಎರಡು ಸೆಂ.ಮೀ. ಚಿಲ್ಲರೆ, ಒದ್ದೆ ಕೆಸರಿನಿಂದ ಹೆಚ್ಚೆಂದರೆ ಮೂರು ಸೆಂ.ಮೀ. ನೀರಿನವರೆಗೆ ಅದರ ರಾಜ್ಯ. ವುಡ್ ಸ್ಯಾಂಡ್‌ಪೈಪರ್ ಐದಾರು ಸೆಂ.ಮೀ.ಗೆ ಇಳಿಯುತ್ತದೆ, ಗ್ರೀನ್‌ಶ್ಯಾಂಕ್, ಗಾಡ್‌ವಿಟ್ ಹತ್ತರ ಆಸುಪಾಸಿಗೆ. ಮೆಟ್ಟುಗಾಲು ಹಕ್ಕಿಯ ಗುಲಾಬಿ ಕಾಲು ಹತ್ತಿರ ಹತ್ತಿರ ಒಂದು ಗೇಣು. ಹಿಂಗಾರು ಜೋರಾಗಿ ಬಿದ್ದು ಕೆರೆ ಕೋಡಿ ಹರಿದರೆ ಸುತ್ತಲೂ ಅಂಚಿನಲ್ಲೇ ಮೊಣಕಾಲುದ್ದ ನೀರು. ಕೆರೆ ತುಂಬಿದ್ದು ಊರಿಗೆ ಸಂತೋಷ, ಸ್ಟಿಂಟ್‌ಗೆ ಊಟದ ಮನೆಗೆ ಬೀಗ. ಅಂಥ ವರ್ಷ ಹಕ್ಕಿಗಳು ಸಣ್ಣ ಕಟ್ಟೆ, ಕೊಯ್ದ ಗದ್ದೆಗಳಿಗೆ ಚದುರಿರುತ್ತವೆ. ಜನವರಿ ಕೊನೆಗೆ, ನೀರು ಒಂದೆರಡು ಅಡಿ ಇಳಿದ ಮೇಲೆ ಮತ್ತೆ ಹೋಗಿ.

ಹೋಗುವಾಗ ಏರಿಯ ಮೇಲೆ ನಿಂತು ನೋಡಬೇಡಿ. ಏರಿ, ತೂಬು ಇರುವ ಕಡೆ ಆಳ ಹೆಚ್ಚು. ಹಳ್ಳ ಬಂದು ಕೆರೆಗೆ ಸೇರುವ ಎದುರು ತುದಿಯಲ್ಲಿ ನೀರು ತೆಳುವಾಗಿ ಹರಡಿರುತ್ತದೆ, ಹಕ್ಕಿಗಳೆಲ್ಲ ಅಲ್ಲೇ.

ಇನ್ನೊಂದು ಎಚ್ಚರ: ಒಳಚರಂಡಿ ನೀರು ಸೇರುವ ಕೆರೆಯಲ್ಲಿ ಮೆಟ್ಟುಗಾಲು ಹಕ್ಕಿಗಳು ಒಮ್ಮೆಲೇ ಹೆಚ್ಚಾಗಬಹುದು. ಕೊಳೆನೀರಿನ ಕೆಸರಲ್ಲಿ ಮಿಡ್ಜ್ ನೊಣದ ಕೆಂಪು ಮರಿಹುಳು ಸಮೃದ್ಧವಾಗಿರುವುದು ಕಾರಣ. ಹಕ್ಕಿ ತುಂಬಿದೆ, ಆದ್ದರಿಂದ ಕೆರೆ ಶುದ್ಧವಾಗಿದೆ ಎನ್ನುವ ಲೆಕ್ಕ ತಪ್ಪು.

ರಂಗನತಿಟ್ಟು, ಕೊಕ್ಕರೆಬೆಳ್ಳೂರಿನ ಹಕ್ಕಿಗಳು ಸೈಬೀರಿಯಾದಿಂದ ಬಂದವಲ್ಲವೇ?

ಬಹುಪಾಲು ಅಲ್ಲ. 1940ರಲ್ಲಿ ಪಕ್ಷಿಧಾಮವಾಗಿ, 2022ರಲ್ಲಿ ರಾಮ್ಸರ್ ತಾಣವಾದ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ) ರಂಗನತಿಟ್ಟಿನಲ್ಲಿ ಗೂಡು ಕಟ್ಟುವ ಬಣ್ಣದ ಕೊಕ್ಕರೆ, ಬಾಯಿಕಳಕ, ಚಮಚ ಕೊಕ್ಕಿನ ಹಕ್ಕಿ, ಹೆಜ್ಜಾರ್ಲೆ ಎಲ್ಲವೂ ಈ ನೆಲದವೇ. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನ ಹುಣಸೆಮರಗಳಲ್ಲಿ ಕೂತಿರುವವೂ ಹಾಗೇ. ಸುಲಭವಾದ ಅಳತೆಗೋಲು ಹೇಳುತ್ತೇವೆ: ಇಲ್ಲಿ ಗೂಡು ಕಟ್ಟಿ ಮರಿ ಮಾಡಿದ ಹಕ್ಕಿ ಸೈಬೀರಿಯಾದ್ದಲ್ಲ. ಅಲ್ಲಿಂದ ಬಂದದ್ದು ಇಲ್ಲಿ ತಿನ್ನುತ್ತದೆ, ನಿದ್ದೆ ಮಾಡುತ್ತದೆ, ಗರಿ ಬದಲಿಸುತ್ತದೆ, ಮೊಟ್ಟೆ ಇಡುವುದಿಲ್ಲ. ನಂಜನಗೂಡು ಕಡೆಯ ಹದಿನಾರು ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತು ಮಾತ್ರ ನಿಜವಾಗಿ ಹಿಮಾಲಯದ ಆಚೆಯದು; ಮಂಗೋಲಿಯಾದಲ್ಲಿ ಕೊರಳಪಟ್ಟಿ ಹಾಕಿಸಿಕೊಂಡ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ.

ಮೂವತ್ತು ಗ್ರಾಂನ ಹಕ್ಕಿ ಅಷ್ಟು ದೂರ ಹೇಗೆ ಹಾರುತ್ತದೆ?

ಸೈಬೀರಿಯಾದ ತೈಮೀರ್‌ನಿಂದ ಮೈಸೂರಿಗೆ ನೇರ ಗೆರೆ ಎಳೆದರೂ 6,500 ಕಿ.ಮೀ. ಮೀರುತ್ತದೆ. ಇಂಧನ ಕೊಬ್ಬು. ಒಂದು ಗ್ರಾಂ ಕೊಬ್ಬಿನಲ್ಲಿ ಸುಮಾರು 9 ಕಿಲೊಕ್ಯಾಲೊರಿ, ಪಿಷ್ಟದಲ್ಲಾದರೆ 4. ದೂರದ ಪಯಣಿಗರು ಹೊರಡುವ ಮುಂಚೆ ಮೈತೂಕವನ್ನು ಹೆಚ್ಚುಕಡಿಮೆ ಇಮ್ಮಡಿ ಮಾಡಿಕೊಳ್ಳುವುದುಂಟು. ಎದೆಯ ಸ್ನಾಯು, ಹೃದಯ ಹಿಗ್ಗುತ್ತವೆ. ಹಾರುವಾಗ ಬೇಡದ ಜಠರ, ಕರುಳು ಕುಗ್ಗುತ್ತವೆ. ಇಳಿದ ಮೇಲೆ ಮೊದಲು ಕರುಳನ್ನು ಬೆಳೆಸಿಕೊಂಡೇ ಹೊಟ್ಟೆತುಂಬ ತಿನ್ನಬೇಕು. ಆ ದಿನಗಳಲ್ಲಿ ನಾಯಿ, ಡ್ರೋನ್, ಕ್ಯಾಮೆರಾ ಹಿಡಿದವರು ಹತ್ತು ನಿಮಿಷಕ್ಕೊಮ್ಮೆ ಎಬ್ಬಿಸಿದರೆ ಗಳಿಸಿದ್ದೆಲ್ಲ ಅಲ್ಲಲ್ಲೇ ಖರ್ಚು.

ಅಲಾಸ್ಕದಿಂದ ಹೊರಟ ಐದು ತಿಂಗಳ ಒಂದು ಬಾರ್‌ಟೇಲ್ಡ್ ಗಾಡ್‌ವಿಟ್ ಮರಿ 2022ರಲ್ಲಿ ಎಲ್ಲೂ ಇಳಿಯದೆ 11 ದಿನ ಹಾರಿ 13,560 ಕಿ.ಮೀ. ದಾಟಿ ಟಾಸ್ಮೇನಿಯಾ ತಲುಪಿತು. ನಮ್ಮ ಕೆರೆಗೆ ಬರುವವು ಹೀಗೆ ಒಂದೇ ಉಸಿರಿಗೆ ಬರುವುದಿಲ್ಲ, ನಡುನಡುವೆ ತಂಗುತ್ತವೆ. ಇವು ಬಳಸುವ ಮಾರ್ಗಕ್ಕೆ ಮಧ್ಯ ಏಷ್ಯಾ ಹಾರುದಾರಿ ಎಂದು ಹೆಸರು.

ಹೊರಡುವ ದಿನ ಹೇಗೆ ಗೊತ್ತಾಗುತ್ತದೆ?

ಹಗಲಿನ ಉದ್ದ ಮುಖ್ಯ ಸುಳಿವು, ಅದರ ಜೊತೆಗೆ ಮೈಯೊಳಗಿನ ವಾರ್ಷಿಕ ಗಡಿಯಾರ. ಇಲ್ಲಿ ಹಗಲು ಅಷ್ಟೇನೂ ಬದಲಾಗದಿದ್ದರೂ ಮಾರ್ಚ್‌ನಲ್ಲಿ ಹಕ್ಕಿಗೆ ಕಾಲು ನಿಲ್ಲದಂತಾಗುವುದು ಈ ಗಡಿಯಾರದಿಂದ. ದಿಕ್ಕಿಗೆ ಸೂರ್ಯ, ನಕ್ಷತ್ರ, ಭೂಮಿಯ ಕಾಂತಕ್ಷೇತ್ರ, ಹಳಬರಿಗೆ ನೆಲದ ಗುರುತುಗಳೂ. ನೀವು ಕಾಳು ಹಾಕಿದ್ದರಿಂದ ಯಾವ ಹಕ್ಕಿಯೂ ವಲಸೆ ಮರೆತು ಉಳಿಯುವುದಿಲ್ಲ. ಇವುಗಳಲ್ಲಿ ಹೆಚ್ಚಿನವು ಕಾಳು ತಿನ್ನುವವೂ ಅಲ್ಲ.

ಎಲ್ಲವೂ ಕಂದು ಬಣ್ಣದ ಸಣ್ಣ ಹಕ್ಕಿಗಳೇ. ಗುರುತು ಹಿಡಿಯುವುದು ಹೇಗೆ?

ಹೆಚ್ಚು ಕಾಡುವುದು ಮೂರು ಸ್ಯಾಂಡ್‌ಪೈಪರ್‌ಗಳು. ಕಾಮನ್: ಬಾಲ ಕುಣಿಸುತ್ತಲೇ ಇರುತ್ತದೆ, ರೆಕ್ಕೆಯ ಮುಂದೆ ಭುಜದ ಬಳಿ ಎದೆಯ ಬಿಳುಪು ಮೇಲಕ್ಕೆ ಚಾಚಿರುತ್ತದೆ, ನೀರಿಗೆ ಹತ್ತಿರವಾಗಿ ರೆಕ್ಕೆ ಬಿಗಿಹಿಡಿದು ಹಾರುತ್ತದೆ. ಗ್ರೀನ್: ಸಾಮಾನ್ಯವಾಗಿ ಒಂಟಿ, ಮೈ ಕಪ್ಪು ಛಾಯೆ, ಎದ್ದಾಗ ಬಿಳಿ ಸೊಂಟ, ರೆಕ್ಕೆಯಡಿ ಕಪ್ಪು. ವುಡ್: ಬೆನ್ನ ಮೇಲೆ ಚುಕ್ಕೆ ಹೆಚ್ಚು, ಬಿಳಿ ಹುಬ್ಬು ಕಣ್ಣಿನ ಹಿಂದಕ್ಕೂ ಉದ್ದವಾಗಿ ಎಳೆದಿದೆ, ಕಾಲು ಹಳದಿ, ರೆಕ್ಕೆಯಡಿ ತಿಳಿ. ಗ್ರೀನ್, ವುಡ್ ನಡುವೆ ಅನುಮಾನ ಬಂದರೆ ಅದು ತಾನಾಗಿ ಏಳುವವರೆಗೆ ಕಾಯಿರಿ, ರೆಕ್ಕೆಯಡಿ ನೋಡಿದರೆ ತೀರ್ಮಾನವಾಯಿತು.

ಲಿಟಲ್ ಸ್ಟಿಂಟ್‌ಗೆ ಕಪ್ಪು ಕಾಲು, ಟೆಮಿಂಕ್ಸ್ ಸ್ಟಿಂಟ್‌ಗೆ ಹಳದಿ ಮಿಶ್ರಿತ ಕಾಲು ಎಂದು ಪುಸ್ತಕ ಹೇಳುತ್ತದೆ. ನಮ್ಮ ಕೆರೆಯ ಕೆಸರು ಮೆತ್ತಿಕೊಂಡರೆ ಎರಡಕ್ಕೂ ಒಂದೇ ಬಣ್ಣ. ಆಗ ಎದೆ ನೋಡಿ: ಟೆಮಿಂಕ್ಸ್‌ಗೆ ಇಡೀ ಎದೆ ಬೂದು, ಲಿಟಲ್‌ಗೆ ನಡು ಎದೆ ಬಿಳಿ.

ಎಣಿಕೆ ಹೇಗೆ ಮಾಡಬೇಕು?

ಏಷ್ಯಾ ಜಲಪಕ್ಷಿ ಗಣತಿ 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತದೆ, ಅದಕ್ಕೆ ಸೇರಿಕೊಳ್ಳಿ. ಸ್ವಂತವಾಗಿ ಮಾಡುವುದಾದರೆ ಬೆಳಿಗ್ಗೆ ಆರೂವರೆಯಿಂದ ಒಂಬತ್ತರೊಳಗೆ, ಸೂರ್ಯ ನಿಮ್ಮ ಬೆನ್ನಿಗಿರುವ ದಂಡೆಯಲ್ಲಿ ನಿಲ್ಲಿ. ಒಂಬತ್ತು ದಾಟಿದರೆ ಬಿಸಿಗಾಳಿಯ ನಡುಕದಲ್ಲಿ ದೂರದ ಹಕ್ಕಿ ಕಲಸಿಹೋಗುತ್ತದೆ. 8x42 ದುರ್ಬೀನು ಸಾಕು. ಹಿನ್ನೀರಿಗಾದರೆ ಸ್ಟ್ಯಾಂಡ್ ಮೇಲಿಟ್ಟ ಸ್ಪಾಟಿಂಗ್ ಸ್ಕೋಪ್ ಇಲ್ಲದೆ ಆಗದು. ಮೊದಲು ಒಟ್ಟು ಲೆಕ್ಕ, ಆಮೇಲೆ ಜಾತಿವಾರು. ಹತ್ತು ಹಕ್ಕಿ ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿದಿದೆ ಎಂದು ಕಣ್ಣಳತೆ ಮಾಡಿ, ಅದೇ ಅಳತೆಯಲ್ಲಿ ಗುಂಪನ್ನು ದಾಟಿ. ಎರಡು ಸಲ ಎಣಿಸಿ. ಜಾತಿ ತಿಳಿಯದ್ದನ್ನು ‘ಗುರುತಾಗದ ಸ್ಟಿಂಟ್’ ಎಂದೇ ಬರೆಯಿರಿ, ಊಹೆ ಮಾಡಿ ತುಂಬಬೇಡಿ. ನೀರಿನ ಮಟ್ಟವನ್ನೂ ಬರೆದಿಡಿ, ಅದಿಲ್ಲದೆ ಮುಂದಿನ ವರ್ಷದ ಹೋಲಿಕೆಗೆ ಬೆಲೆಯಿಲ್ಲ.

ಉಳುವಾಗ ಹೊಲದಲ್ಲಿ ಟಿಟ್ಟಿಭದ ಮೊಟ್ಟೆ ಸಿಕ್ಕಿದೆ. ಬದುವಿಗೆ ಎತ್ತಿಡಲೇ?

ಎತ್ತಬೇಡಿ. ಆ ಹಕ್ಕಿ ಹಿಂದಿರುಗುವುದು ಜಾಗದ ಗುರುತಿಗೆ. ಬದುವಿನಲ್ಲಿಟ್ಟ ಮೊಟ್ಟೆ ಕಾಗೆಯ ಪಾಲಾಗುವುದೇ ಹೆಚ್ಚು. ಸುತ್ತ ಒಂದೆರಡು ಮಾರು ಬಿಟ್ಟು ಉಳಿದದ್ದನ್ನು ಉತ್ತುಕೊಳ್ಳಿ. ಗುರುತಿಗೆ ಮೊಣಕಾಲಿಗಿಂತ ಗಿಡ್ಡದಾದ ಕಡ್ಡಿ ನೆಡಿ. ಉದ್ದದ ಗೂಟ ನೆಟ್ಟರೆ ಕಾಗೆಗೆ ನೀವೇ ಕುರ್ಚಿ ಹಾಕಿಕೊಟ್ಟಂತೆ. ಕೆಲಸವನ್ನು ಬೆಳಗಿನ ತಂಪಿನಲ್ಲಿ ಬೇಗ ಮುಗಿಸಿ. ಮಧ್ಯಾಹ್ನ ಹಕ್ಕಿಯನ್ನು ಹೆಚ್ಚು ಹೊತ್ತು ದೂರವಿಟ್ಟರೆ ಮೊಟ್ಟೆ ಬಿಸಿಲಿಗೆ ಬೇಯುತ್ತದೆ. ಕಾವು ನಾಲ್ಕು ವಾರದ ಆಸುಪಾಸು, ಮರಿಗಳು ಹುಟ್ಟಿದ ಒಂದೆರಡು ದಿನದಲ್ಲೇ ಜಾಗ ಖಾಲಿ ಮಾಡುತ್ತವೆ.

ನಮ್ಮೂರ ಕೆರೆಯ ಹೂಳೆತ್ತುತ್ತಿದ್ದಾರೆ. ಈ ಹಕ್ಕಿಗಳಿಗಾಗಿ ಏನು ಕೇಳಬೇಕು?

ಜೆಸಿಬಿ ಕೆರೆಯನ್ನು ಬೋಗುಣಿ ಮಾಡುವ ಬದಲು ಬಕೆಟ್ ಮಾಡಿಬಿಡುತ್ತದೆ, ದಂಡೆ ಗೋಡೆಯಂತೆ ನಿಲ್ಲುತ್ತದೆ. ಹೂಳು ತೆಗೆಯುವುದು ಏರಿ ಕಡೆಯ ಆಳದಲ್ಲಿರಲಿ. ಹಳ್ಳ ಸೇರುವ ತುದಿಯನ್ನು ಮುಟ್ಟದಿರಲಿ. ಮುಟ್ಟಲೇಬೇಕಾದರೆ ಹತ್ತು ಅಡಿ ಹೋದರೆ ಒಂದು ಅಡಿ ಇಳಿಯುವಷ್ಟು, ಸಾಧ್ಯವಾದರೆ ಇನ್ನೂ ಮಂದವಾದ ಇಳಿಜಾರು ಕೊಡಿಸಿ. ಸುತ್ತಲೂ ಕಲ್ಲು ಕಟ್ಟಿಸುವುದನ್ನು ಏರಿಗಷ್ಟೇ ಸೀಮಿತಗೊಳಿಸಿ. ನಡುಗಡ್ಡೆ ಮಾಡಿ ಮರ ನೆಡುವ ಯೋಜನೆ ಕೊಕ್ಕರೆಗೆ ಒಳ್ಳೆಯದು, ಗದ್ದೆಗೊರವಕ್ಕೆ ಅಲ್ಲ. ಗಿಡುಗ ಮರೆಯಿಂದ ಎರಗುವ ಭಯಕ್ಕೆ ಇವು ಮರಗಳ ಹತ್ತಿರ ಮೇಯುವುದಿಲ್ಲ. ಬೋಳು, ತಗ್ಗು ದಿಬ್ಬ ಇವಕ್ಕೆ ಬೇಕು. ಹೂಳೆತ್ತುವ ಮಾರ್ಚ್–ಮೇ ತಿಂಗಳಲ್ಲೇ ಒಣ ಕೆರೆಯಂಗಳದಲ್ಲಿ ಟಿಟ್ಟಿಭ, ಪ್ಲವರ್ ಮೊಟ್ಟೆ ಇಟ್ಟಿರುತ್ತವೆ, ಯಂತ್ರ ಇಳಿಯುವ ಹಿಂದಿನ ದಿನ ಒಮ್ಮೆ ನಡೆದು ನೋಡಿ.

ಕಾಲಿಗೆ ಉಂಗುರ ಇರುವ ಹಕ್ಕಿ ಕಂಡರೆ?

ಫೋಟೊ ತೆಗೆಯಿರಿ, ಎರಡೂ ಕಾಲು ಕಾಣಬೇಕು. ಯಾವ ಕಾಲಿಗೆ, ಮಂಡಿಯ ಮೇಲೋ ಕೆಳಗೋ, ಉಂಗುರದ ಅಥವಾ ಪ್ಲಾಸ್ಟಿಕ್ ಬಾವುಟದ ಬಣ್ಣ ಯಾವ ಕ್ರಮದಲ್ಲಿದೆ, ಅಕ್ಷರ ಓದಿದರೆ ಅದೇನು, ದಿನಾಂಕ, ಕೆರೆ, ಗ್ರಾಮ, ಇಷ್ಟನ್ನು ಬರೆದು ಮುಂಬಯಿಯ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಿ. ಬಿಸಿಲಿಗೆ ಬಣ್ಣ ಮಾಸುವುದರಿಂದ ಕಿತ್ತಳೆ, ಹಳದಿ, ಬಿಳಿ ಒಂದಕ್ಕೊಂದು ಅದಲುಬದಲಾಗುವುದು ಸಾಮಾನ್ಯ. ಅನುಮಾನವಿದ್ದರೆ ಅನುಮಾನ ಎಂದೇ ಬರೆಯಿರಿ. ಸತ್ತ ಹಕ್ಕಿಯಾದರೆ ಬರಿಗೈಯಲ್ಲಿ ಮುಟ್ಟಬೇಡಿ, ಉಂಗುರದ ಮೇಲಿನ ಸಂಖ್ಯೆಯ ಫೋಟೊ ಸಾಕು.